ರೊಟ್ಟಿ ತಿಂದು ಚಟ್ನಿ ಬಿಟ್ಟ ಯಂತ್ರ

ನಮ್ಮ ಲಿಂಗನೂರಿನ ಬಡಿಗೇರ ಕಾಕಾನ ಪಾಲಿಗೆ ಈಗ ಉಳಿದಿರುವ ಕೆಲಸಗಳು ಮೂರು. ಹಳೆಯ ತೊಟ್ಟಿಲಿನ ಕಾಲು ಕೂಡಿಸುವುದು, ಮದುವೆಗೆ ಹಂದರಗಂಬ ಕೆತ್ತುವುದು, ಯಾರಾದರೂ ಲಿಂಗೈಕ್ಯರಾದರೆ ಹೆಣ ಕೂರಿಸುವ ವಿಮಾನಕ್ಕೆ ಚೌಕಟ್ಟು ಹೂಡುವುದು. ಮನುಷ್ಯ ಹುಟ್ಟಿದಾಗ, ಸಿಕ್ಕಿಬಿದ್ದಾಗ ಮತ್ತು ಸತ್ತಾಗ ಮಾತ್ರ ಊರಿಗೆ ಬಡಿಗನ ನೆನಪು. ನಡುವಿನ ಬದುಕನ್ನೆಲ್ಲ ಕಬ್ಬಿಣವೂ ಪ್ಲಾಸ್ಟಿಕ್ಕೂ ಗುತ್ತಿಗೆ ಹಿಡಿದಿವೆ.

"ವಿಮಾನದ ಕೆಲಸಕ್ಕೇನ ಮೋಸ ಇಲ್ಲ ತಮ್ಮಾ" ಎಂದು ಕಾಕಾ ಬೀಡಿ ಹಚ್ಚುತ್ತಾನೆ. "ಆದ್ರ ಬಾಜೂಕ ಮಿರಜ ಐತಿ ನೋಡು. ಓಣಿಗೊಂದು ದವಾಖಾನಿ. ಅವ್ರು ಮಂದೀನ ಲಗೂನ ಸಾಯಾಕ ಬಿಡೂದಿಲ್ಲ."

ಲಿಂಗನೂರು ಮಿರಜ ತಾಲ್ಲೂಕಿನ ಊರು. ರಾಜ್ಯ ಮಹಾರಾಷ್ಟ್ರ, ಜಿಲ್ಲೆ ಸಾಂಗಲಿ. ಇನ್ನೊಂದಿಷ್ಟು ನಡೆದರೆ ಅಥಣಿ ತಾಲ್ಲೂಕು, ಕರ್ನಾಟಕ. ತಲಾಠಿಗೆ ಅರ್ಜಿ ಬರೆಯುವುದು ಮರಾಠಿಯಲ್ಲಿ, ಎತ್ತಿಗೆ ಬೈಯುವುದು ಕನ್ನಡದಲ್ಲಿ. ಹೀಗೆ ಎರಡೂ ಭಾಷೆಗಳಿಗೆ ನಮ್ಮ ಹಿರಿಯರು ನ್ಯಾಯವಾಗಿ ಕೆಲಸ ಹಂಚಿಕೊಟ್ಟಿದ್ದರು. ಈಗ ಎತ್ತುಗಳೇ ಇಲ್ಲ. ಟ್ರ್ಯಾಕ್ಟರಿಗೆ ಬೈದರೆ ಅದಕ್ಕೆ ಕೇಳಿಸುವುದಿಲ್ಲ. ಡ್ರೈವರನಿಗೆ ಕೇಳಿಸಿದರೆ ಇಳಿದು ಬರುತ್ತಾನೆ. ಯಾಂತ್ರೀಕರಣದಿಂದ ಕೆಲಸ ಕಳೆದುಕೊಂಡವರ ಪಟ್ಟಿಯಲ್ಲಿ ನಮ್ಮೂರ ಕನ್ನಡದ ಬೈಗಳನ್ನೂ ಸೇರಿಸಬೇಕು. ಎಂಥ ನುರಿತ ಬೈಗಳವು!

ನಾನು ಹುಡುಗನಾಗಿದ್ದಾಗ ಮಳೆಗಾಲ ಹತ್ತಿರ ಬಂತೆಂದರೆ ಕಾಕಾನ ಮನೆ ಮುಂದಿನ ಬೇವಿನ ಮರದಡಿ ಜಾತ್ರೆ. ಒಬ್ಬ ಕುಂಟೆ ಹೊತ್ತು ತಂದಿದ್ದಾನೆ, ಇನ್ನೊಬ್ಬ ನೊಗ, ಮತ್ತೊಬ್ಬನದು ಗಾಲಿಯ ಅರೆಕಾಲು ಸಡಿಲ. ಆಗ ಕಾಕಾನ ಅಪ್ಪ ಇದ್ದ. ಕಾಕಾ ಮೂಲೆಯಲ್ಲಿ ಕೂತು ಜಾಲಿಕಟ್ಟಿಗೆಯ ತೊಗಟೆ ಕೆತ್ತುತ್ತಿದ್ದ. ರೊಕ್ಕದ ವ್ಯವಹಾರ ಕಡಿಮೆ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ತರುವುದು, ಜೋಳದ ಸಿವುಡೋ ಚೀಲವೋ. ಆಯ ಕೊಡುವಾಗ ರೈತ, ಕೆಲಸ ಮಾಡುವಾಗ ಬಡಿಗ, ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡುತ್ತಿದ್ದೇವೆಂದೇ ತಿಳಿದಿದ್ದರು. ಆ ಕಾಲವನ್ನು ಹೊಗಳುವ ಆಸೆ ನನಗಿಲ್ಲ. ಆಯದ ಚೀಲದಲ್ಲಿ ಹುಳುಕು ಜೋಳ ಹಾಕಿ ಕಳಿಸಿದ ದೊಡ್ಡ ಮನೆತನಗಳ ಕಥೆಗಳು ಕಾಕಾನ ಹತ್ತಿರ ಬೇಕಾದಷ್ಟಿವೆ. ಆದರೂ ಕೆಲಸ ಇತ್ತು, ದಿನಾ ಇತ್ತು.

ಅವರ ಮನೆತನದ ಹೆಸರು ನಿಂತದ್ದು ಕೂರಿಗೆಯ ಮೇಲೆ. ಕೂರಿಗೆ ನೋಡದವರಿಗಾಗಿ ಹೇಳುತ್ತೇನೆ: ನಾಲ್ಕು ಸಾಲು ಬಿತ್ತುವ ಕೂರಿಗೆಗೆ ಮೇಲೊಂದು ಮರದ ಬಟ್ಟಲು. ಬಟ್ಟಲಿನ ತಳದಲ್ಲಿ ನಾಲ್ಕು ತೂತು, ತೂತಿನಿಂದ ನೆಲಕ್ಕೆ ನಾಲ್ಕು ಬಿದಿರಿನ ಕೊಳವೆ. ಎತ್ತು ಮುಂದೆ ಸಾಗಿದಂತೆ ಹಿಂದೆ ನಡೆಯುವ ಹೆಂಗಸು ಮುಷ್ಟಿಯಿಂದ ಕಾಳು ಬಿಡಬೇಕು. ಮುಷ್ಟಿಯಿಂದ ಜಾರಿದ ಕಾಳು ನಾಲ್ಕೂ ತೂತಿಗೆ ಸಮನಾಗಿ ಹಂಚಿಕೆಯಾಗಬೇಕು. ತೂತು ಕೂದಲೆಳೆಯಷ್ಟು ವಾರೆಯಾದರೂ ಒಂದು ಸಾಲಿಗೆ ಔತಣ, ಇನ್ನೊಂದಕ್ಕೆ ಉಪವಾಸ. ಕಾಕಾನ ಅಪ್ಪ ಬಟ್ಟಲು ಕೊರೆದ ಮೇಲೆ ಅಂಗಳದಲ್ಲೇ ನಾಲ್ಕು ಕೊಳವೆ ಕೂಡಿಸಿ, ಕೆಳಗೆ ನಾಲ್ಕು ಬಟ್ಟಲಿಟ್ಟು, ಕಾಳು ಬಿಟ್ಟು, ಎಣಿಸಿ ನೋಡುತ್ತಿದ್ದ. ಉಳಿಯ ತುದಿಯಿಂದ ಒಂದು ತೂತಿನ ಅಂಚನ್ನು ಒಮ್ಮೆ ಕೆರೆಯುವುದು, ಮತ್ತೆ ಕಾಳು ಬಿಡುವುದು. ಅಳತೆಪಟ್ಟಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹತ್ತು ದಿನಕ್ಕೆ ಪೈರು ಎದ್ದರೆ ಊರಿನವರ ಮುಂದೆ ಪರೀಕ್ಷೆಯ ಫಲಿತಾಂಶ ಹಚ್ಚಿದಂತೆ. ನಾಲ್ಕು ಸಾಲೂ ಸಮನಾಗಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಒಂದು ಸಾಲು ತೆಳ್ಳಗಾಯಿತೋ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ವಿಚಾರಣೆ ಶುರು: ತಪ್ಪು ಬಡಿಗನ ತೂತಿನದೋ, ಬಿತ್ತಿದವಳ ಮುಷ್ಟಿಯದೋ? ನಮ್ಮ ಅಜ್ಜಿಯ ಮುಷ್ಟಿಗೆ ಊರಲ್ಲಿ ಬೇಡಿಕೆಯಿತ್ತು. ಹೊಲದಲ್ಲಿ ಕಾಳು ಸಮನಾಗಿ ಹಂಚುತ್ತಿದ್ದ ಅದೇ ಮುಷ್ಟಿ, ಮನೆಯಲ್ಲಿ ಬೆಲ್ಲ ಹಂಚುವಾಗ ಹಿರಿಯ ಮೊಮ್ಮಗನ ಕಡೆ ಯಾಕೆ ವಾಲುತ್ತಿತ್ತು ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಈಗ ಟ್ರ್ಯಾಕ್ಟರಿನ ಹಿಂದೆ ಬಿತ್ತುವ ಯಂತ್ರ. ಬೀಜ ಒಂದು ಡಬ್ಬಿಯಲ್ಲಿ, ಗೊಬ್ಬರ ಇನ್ನೊಂದರಲ್ಲಿ, ಹಲ್ಲಿನ ಚಕ್ರ ತಿರುಗಿದಂತೆ ಎಣಿಸಿ ಎಣಿಸಿ ಕಾಳು ಬೀಳುತ್ತದೆ. ಹದ ಆರುವ ಮೊದಲೇ ಹೊಲ ಮುಗಿಯುತ್ತದೆ. ಅದನ್ನು ಕರೆಸಿದ ರೈತನನ್ನು ಬೈಯುವವನು ಹದ ತಪ್ಪಿದ ಹೊಲವನ್ನು ನೋಡಿಲ್ಲ ಎಂದೇ ನನ್ನ ಲೆಕ್ಕ. ಕೂರಿಗೆ ಈಗ ಅಟ್ಟ ಸೇರಿದೆ, ಕೆಲವೆಡೆ ಅಟ್ಟದಿಂದಿಳಿದು ಒಲೆಯನ್ನೂ ಸೇರಿದೆ. ಈಚೆಗೆ ಹೆದ್ದಾರಿಯ ಹೋಟೆಲೊಂದರ ಬಾಗಿಲಲ್ಲಿ ಒಂದಕ್ಕೆ ಅರಿಷಿಣ ಬಣ್ಣ ಬಳಿದು ನಿಲ್ಲಿಸಿದ್ದನ್ನು ಕಂಡೆ. ಬಟ್ಟಲಿನಲ್ಲಿ ಪ್ಲಾಸ್ಟಿಕ್ ಹೂವು.

ಯಂತ್ರ ನಿನ್ನ ಕೆಲಸವನ್ನೆಲ್ಲ ತಿಂದಿತಲ್ಲ ಕಾಕಾ ಎಂದು ಒಮ್ಮೆ ನಾನು ಮರುಗಿದೆ. ಸುಶಿಕ್ಷಿತರು ಮರುಗುವ ಧಾಟಿಯಲ್ಲೇ ಮರುಗಿದೆ. ಕಾಕಾನಿಗೆ ಸಿಟ್ಟು ಬಂತು.

"ಎಲ್ಲಾ ತಿಂದಿದ್ರ ಬೇಷ ಇತ್ತಲ್ಲೋ ತಮ್ಮಾ! ನಾನೂ ಬ್ಯಾರೆ ದಾರಿ ನೋಡ್ಕೋತಿದ್ದೆ. ಅದು ರೊಟ್ಟಿ ತಿಂದು ಚಟ್ನಿ ಬಿಟ್ಟು ಹೋತು. ಬರೇ ಚಟ್ನಿ ಎಷ್ಟಂತ ನೆಕ್ಕೂದು?"

ಬ್ಯಾಂಕಿನಲ್ಲಿದ್ದಾಗ ಆರ್ಥಿಕತೆಯ ಮೇಲೆ ಎಷ್ಟೋ ವರದಿ ಓದಿದವನು ನಾನು. ಒಂದರಲ್ಲೂ ವಿಷಯವನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ನೊಗ, ಕುಂಟೆ, ಮೇಳಿ, ಗೂಟ ಎಂಬ ದಿನನಿತ್ಯದ ಒರಟು ಕೆಲಸವೇ ಬಡಿಗನ ರೊಟ್ಟಿ. ತಲೆಬಾಗಿಲಿಗೆ ಬಳ್ಳಿ ಕೆತ್ತುವುದು, ಹಂದರಗಂಬಕ್ಕೆ ಗಿಳಿ ಕೂರಿಸುವುದು ಚಟ್ನಿ. ನಾಲಿಗೆಗೆ ರುಚಿ, ಹೊಟ್ಟೆಗೆ ಸಾಲದು. ಯಂತ್ರ ಮೊದಲು ಕೈಹಾಕುವುದು ರೊಟ್ಟಿಗೆ. ನಾವು ಪೇಟೆಯವರು ಮಾತ್ರ ಚಟ್ನಿಯ ಬಟ್ಟಲಿನ ಫೋಟೋ ತೆಗೆದು, "ಅಬ್ಬಾ, ಕಲೆ ಇನ್ನೂ ಜೀವಂತವಾಗಿದೆ" ಎನ್ನುತ್ತೇವೆ.

ತಮಾಷೆಯೆಂದರೆ ಬಡಿಗನ ರೊಟ್ಟಿಗೆ ಕೈಹಾಕಿದ ಕಬ್ಬಿಣ ಎಲ್ಲಿಂದಲೋ ಬಂದದ್ದಲ್ಲ, ನಮ್ಮ ಸಾಂಗಲಿ ಜಿಲ್ಲೆಯದೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಮೇವು ಕತ್ತರಿಸುವ ಯಂತ್ರ ಮಾಡಿ, ಆಮೇಲೆ ಕಬ್ಬಿಣದ ನೇಗಿಲಿಗೆ ಕೈಹಾಕಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹತ್ತಿರ ಸುಳಿಯಲಿಲ್ಲ. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. 1910ರಲ್ಲಿ ಅಂದಿನ ಔಂಧ್ ಸಂಸ್ಥಾನದ, ಇಂದಿನ ನಮ್ಮ ಜಿಲ್ಲೆಯ ಬರಡು ನೆಲದಲ್ಲಿ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರ್‌ವಾಡಿ ಎದ್ದಿತು. ಭೂಮಿಗೆ ವಿಷವೇರಲಿಲ್ಲ, ಆಳವಾಗಿ ಉಳುಮೆಯಾಯಿತು, ಬೆಳೆ ಬಂತು. ವಿಷದ ಮಾತು ಹುಟ್ಟಿಸಿದವರು ಯಾರಿರಬಹುದು ಎಂದು ಕಾಕಾನನ್ನು ಕೇಳಿದೆ. "ನಮ್ಮ ಮುತ್ಯಾನ ಹೇಳಿರಬೇಕು" ಎಂದು ನಕ್ಕ. ನನಗೂ ಹಾಗೇ ಗುಮಾನಿ. ಅಂದಿನ ಬಡಿಗರಿಗೆ ಜಾಹೀರಾತು ಇಲಾಖೆ ಇರಲಿಲ್ಲ. ಗಾಳಿಮಾತೊಂದೇ ಅವರ ಕೈಲಿದ್ದ ಅಸ್ತ್ರ.

ಅದೇ ಕಿರ್ಲೋಸ್ಕರ್‌ವಾಡಿಯದು ಇನ್ನೊಂದು ಕಥೆ. 1929ರಲ್ಲಿ ಗಾಂಧೀಜಿಯ ಅಖಿಲ ಭಾರತ ನೂಲುವವರ ಸಂಘ ಒಂದು ಲಕ್ಷ ರೂಪಾಯಿಯ ಬಹುಮಾನ ಸಾರಿತು. ಬೇಕಾದದ್ದು ಹೊಸ ಚರಕ. ಅದು ಹಳೆಯದಕ್ಕಿಂತ ಎಷ್ಟೋ ಪಟ್ಟು ನೂಲಬೇಕು, ಗುಡಿಸಲಲ್ಲಿ ಹೆಣ್ಣುಮಗಳೊಬ್ಬಳು ದಣಿಯದೆ ತಿರುಗಿಸುವಂತಿರಬೇಕು, ಬೆಲೆ ನೂರೈವತ್ತು ರೂಪಾಯಿ ದಾಟಬಾರದು. ಕಿರ್ಲೋಸ್ಕರ್‌ವಾಡಿಯಲ್ಲೂ ಅಂಥದೊಂದು ಯಂತ್ರ ತಯಾರಾಗಿ ಪರೀಕ್ಷೆಗೆ ಹೋಯಿತು. ಬಹುಮಾನ ಯಾರಿಗೂ ಸಿಗಲಿಲ್ಲ. ಕೈಗೆ ಕೆಲಸ ಕೊಡುವ ಯಂತ್ರ ಮಾಡಿ ಎಂದು ಲಕ್ಷ ರೂಪಾಯಿ ಮುಂದಿಟ್ಟರೂ ಆಗಲಿಲ್ಲ. ಕೈಯ ಕೆಲಸ ಕಸಿಯುವ ಯಂತ್ರಕ್ಕೆ ಯಾರೂ ಬಹುಮಾನ ಇಡಲಿಲ್ಲ, ಸಾಲುಸಾಲಾಗಿ ಬಂದವು. ಇತ್ತ ಇಚಲಕರಂಜಿಗೆ 1904ರಲ್ಲೇ ಮೊದಲ ವಿದ್ಯುತ್ ಮಗ್ಗ ಬಂದಿತ್ತು. ಅದರ ಸದ್ದಿಗೆ ಸುತ್ತಲ ಕೈಮಗ್ಗದ ಕುಣಿಗಳು ಮುಚ್ಚಿದವು. ಈಗ ಲಾಳಿಯೇ ಇಲ್ಲದ ವಿದೇಶಿ ಮಗ್ಗಗಳು ಬಂದು ಹಳೆಯ ವಿದ್ಯುತ್ ಮಗ್ಗಗಳು ಗುಜರಿಗೆ ಹೋಗುತ್ತಿವೆ. ಅಂದು ಕೈಮಗ್ಗದವನು ಅಂದ ಮಾತುಗಳನ್ನೇ ಇಂದು ವಿದ್ಯುತ್ ಮಗ್ಗದವನು ಅನ್ನುತ್ತಿದ್ದಾನೆ.

ಇಷ್ಟೆಲ್ಲ ಹೇಳುವ ನಾನೂ ಒಬ್ಬ ಕೈಕಸುಬಿನವನೇ. ಅಥಣಿಯ ಅಜ್ಜಿಮನೆಯಲ್ಲಿದ್ದು ಕನ್ನಡ ಶಾಲೆ ಕಲಿತು, ಕೊನೆಗೆ ಬ್ಯಾಂಕೊಂದರಲ್ಲಿ ಕಾರಕೂನನಾದೆ. ನನ್ನ ಕಸುಬು ಲೆಡ್ಜರು. ಅಕ್ಷರ ಮುತ್ತಿನ ಹಾಗೆ. ಉದ್ದನೆಯ ಅಂಕಿಸಾಲನ್ನು ಬೆರಳು ಜಾರಿಸುತ್ತ ಒಂದೇ ಉಸಿರಿಗೆ ಕೂಡಿಸಿ ಕೆಳಗೆ ಮೊತ್ತ ಬರೆದರೆ ಮ್ಯಾನೇಜರರು ಕೂಡ ಮತ್ತೆ ಕೂಡಿಸುತ್ತಿರಲಿಲ್ಲ. ವರ್ಷಾಂತ್ಯದ ಬ್ಯಾಲೆನ್ಸಿಂಗಿಗೆ ಬೇರೆ ಶಾಖೆಗಳವರು ನನ್ನನ್ನು ಎರವಲು ಕರೆಸುತ್ತಿದ್ದರು, ಅಜ್ಜಿಯ ಮುಷ್ಟಿಯನ್ನು ಕರೆಸುತ್ತಿದ್ದ ಹಾಗೆ. ಆಮೇಲೆ ಬ್ಯಾಂಕುಗಳ ಯಾಂತ್ರೀಕರಣಕ್ಕೆಂದು ರಂಗರಾಜನ್ ಸಮಿತಿ ಬಂತು, ಅದರ ಬೆನ್ನಿಗೆ ಕಂಪ್ಯೂಟರ್ ಬಂತು. ನಾವೂ "ಯಂತ್ರ ಬೇಡ" ಎಂದು ಗೇಟಿನ ಮುಂದೆ ಘೋಷಣೆ ಕೂಗಿದೆವು. ಘೋಷಣೆಯ ಫಲಕಗಳನ್ನು ಬರೆದವನು ನಾನೇ, ಅಕ್ಷರ ಚೆಂದವಿತ್ತಲ್ಲ.

ಕಂಪ್ಯೂಟರ್ ನನ್ನನ್ನು ಮನೆಗೆ ಕಳಿಸಲಿಲ್ಲ. 1983ರಲ್ಲೇ ನೌಕರರ ಸಂಘದವರು ಆಡಳಿತದ ಜೊತೆ ಕೂತು ಒಪ್ಪಂದಕ್ಕೆ ಸಹಿ ಹಾಕಿದ್ದರು. ಸಂಬಳ ಬಂತು, ಬಡ್ತಿ ಬಂತು, ಈಗ ತಿಂಗಳ ಕೊನೆಗೆ ಪಿಂಚಣಿಯೂ ಬರುತ್ತದೆ. ಹೋದದ್ದು ಕೈಬರಹ ಮಾತ್ರ. ಇತ್ತೀಚೆಗೆ ಅದರ ಉಪಯೋಗ ಮದುವೆ ಪತ್ರಿಕೆಯ ಲಕೋಟೆಗೆ ಹೆಸರು ಬರೆಯಲು. ಅಲ್ಲಿಗೂ ವಾಟ್ಸಾಪ್ ಬಂದಿದೆ. ನನಗೆ ಯಂತ್ರ ಚಟ್ನಿ ಕಸಿದು ರೊಟ್ಟಿ ಬಿಟ್ಟಿತು, ಕಾಕಾನಿಗೆ ಅದರ ಉಲ್ಟಾ ಮಾಡಿತು. ಆ ವ್ಯತ್ಯಾಸಕ್ಕೆ ಕಾರಣ ನನ್ನ ಕೈಯೇನೂ ಅವನ ಕೈಗಿಂತ ನುರಿತದ್ದಲ್ಲ. ನನ್ನ ಹಿಂದೆ ಸಂಘವಿತ್ತು, ಅವನ ಹಿಂದೆ ಬೇವಿನ ಮರವಿತ್ತು.

ಮಿರಜದ ತಂಬೂರಿ ಮಾಡುವವರ ಓಣಿಗೆ ನಾನು ಹೋಗುವುದು ಹಳೆಯ ಅಭ್ಯಾಸ. ಹಾಡು ಬಾರದು; ಕೂತು ನೋಡುವುದು ಬರುತ್ತದೆ. ಅಲ್ಲಿಯ ಕುಶಲಕರ್ಮಿಗಳ ಹಿರಿಯರು ಶಿಕಲಗಾರರು, ಕತ್ತಿ ಮಸೆಯುವವರು. ಕತ್ತಿಯ ಕಾಲ ಮುಗಿದು ಬಂದೂಕಿನ ಕಾಲ ಬಂತು. ಮಸೆಯುವ ಕೈ ಸುಮ್ಮನೆ ಕೂರಬೇಕಾಯಿತು. ಆಗ ಫರೀದಸಾಹೇಬ್ ಎಂಬವರು ಕೆಟ್ಟ ತಂಬೂರಿ ರಿಪೇರಿಗೆ ಕೈಹಾಕಿ, ತಾವೇ ಮಾಡಲು ಕಲಿತು, ಸಿತಾರಮೇಕರ್ ಎಂದೇ ಅಡ್ಡಹೆಸರು ಪಡೆದರಂತೆ. ನೂರೈವತ್ತು ವರ್ಷಕ್ಕೂ ಹಿಂದಿನ ಮಾತು. ಒಂದು ಕೆಲಸ ಹೋದರೆ ಇನ್ನೊಂದು ಹುಟ್ಟುತ್ತದೆ ಎನ್ನುವ ಪಂಡಿತರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಆಗ ಪಟವರ್ಧನ ಸಂಸ್ಥಾನದ ಆಸರೆಯಿತ್ತು, ಊರಿಗೆ ಗಾಯಕರ ದಂಡೇ ಬರುತ್ತಿತ್ತು. ವಿಷ್ಣು ದಿಗಂಬರ ಪಲುಸ್ಕರರು ಕಲಿತದ್ದು ಇಲ್ಲಿ. ಅಬ್ದುಲ್ ಕರೀಂಖಾನರು ನೆಲೆನಿಂತದ್ದು ಇಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇಲ್ಲಿಯ ಮೀರಾಸಾಹೇಬ ದರ್ಗಾದಲ್ಲಿದೆ, ಉರುಸಿನಲ್ಲಿ ಇಂದಿಗೂ ರಾತ್ರಿಯೆಲ್ಲ ಸಂಗೀತ ನಡೆಯುತ್ತದೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಕನ್ನಡದ ಆ ಕಂಠಗಳ ಹಿಂದೆ ಮಿರಜದ ತಂಬೂರಿ ನುಡಿದಿದೆ. ಕತ್ತಿಯಿಂದ ತಂಬೂರಿಗೆ ದಾರಿ ಇತ್ತು. ಕೂರಿಗೆಯಿಂದ ಎಲ್ಲಿಗೆ?

ನನಗೆ ಗುರುತಿನ ಒಬ್ಬ ಚಾಚಾ ಇದ್ದಾರೆ. ಹುಬ್ಬಳ್ಳಿ ಧಾರವಾಡದ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಅವರದು ನಮ್ಮದಕ್ಕಿಂತ ಗಟ್ಟಿ ಕನ್ನಡ. ಪಂಢರಪುರ ಮಂಗಳವೇಢೆ ಕಡೆಯಿಂದ ಬಂದ ಸೋರೆಬುರುಡೆಗಳು ಅಟ್ಟದಲ್ಲಿ ನೇತಾಡುತ್ತವೆ. ನೀರಲ್ಲಿ ನೆನೆಸಿ, ಕೊಯ್ದು, ಒಳಗೆ ಕಡ್ಡಿ ಕೊಟ್ಟು ದುಂಡಗೆ ಒಣಗಿಸುವುದೇ ಒಂದು ಕೆಲಸ. ಕಟ್ಟಿಗೆ ಕೊಯ್ಯಲು, ತೂತು ಹಾಕಲು ಈಗ ವಿದ್ಯುತ್ ಯಂತ್ರಗಳಿವೆ. ಅದಕ್ಕೆ ಚಾಚಾ ಅಳುವುದಿಲ್ಲ. "ರಟ್ಟಿ ಉಳೀತು" ಎನ್ನುತ್ತಾರೆ. ಯಂತ್ರ ಹತ್ತಿರ ಬಾರದ ಒಂದು ಜಾಗವಿದೆ, ತಂತಿಯ ಕೆಳಗಿನ ಕುದುರೆ. ಅದರ ಮೇಲ್ಮೈಗೆ ಜವಾರಿ ತೆಗೆಯಬೇಕು, ಅಂದರೆ ಸ್ವರ ಬಿಚ್ಚಿಕೊಳ್ಳುವಂತೆ ಸವರಬೇಕು.

ಒಂದು ಮಧ್ಯಾಹ್ನ ನೋಡುತ್ತ ಕೂತೆ. ಚಾಚಾ ತಂತಿ ಸರಿಸಿ, ಕಾನಸ ಹಿಡಿದು, ಕುದುರೆಯ ಬೆನ್ನನ್ನು ಎರಡು ಸಲ ಸವರಿದರು. ಸವರಿದ್ದು ಕೈಗೆ ಗೊತ್ತಾಗಿರಬೇಕು, ನನ್ನ ಕಣ್ಣಿಗಂತೂ ಏನೂ ಕಾಣಲಿಲ್ಲ. ತಂತಿ ಕೂಡಿಸಿ ಮೀಟಿದರು. ತಲೆಯಾಡಿಸಿದರು, ಬೇಡವೆಂಬಂತೆ. ಮತ್ತೆ ತಂತಿ ಸರಿಸಿ ಇನ್ನೊಂದು ಸವರು. ಹೊರಗೆ ಮೋಟಾರ್‌ಸೈಕಲ್ಲೊಂದು ಹಾರ್ನ್ ಹೊಡೆಯುತ್ತ ನಿಂತಿತ್ತು. ಅದು ಹೋಗುವ ತನಕ ಕೈ ಕಟ್ಟಿ ಕೂತರು. ಆಮೇಲೆ ತಂತಿಯಡಿ ಸಣ್ಣ ದಾರದ ಎಳೆ ತೂರಿಸಿ, ಕೂದಲಷ್ಟು ಹಿಂದೆ, ಕೂದಲಷ್ಟು ಮುಂದೆ ಎಳೆದರು. ಒಂದು ಕಡೆ ಬಂದಾಗ, ಅಲ್ಲಿಯವರೆಗೆ ಟಣ್ ಎಂದು ಸತ್ತುಹೋಗುತ್ತಿದ್ದ ಸ್ವರ ಬಿಚ್ಚಿಕೊಂಡು ಕೋಣೆ ತುಂಬ ನಿಂತಿತು. ನನಗೆ ಸಂಗೀತ ಬಾರದಿದ್ದರೂ ಮೈ ಜುಂ ಎಂದಿತು. ಚಾಚಾ ಚಹಾ ತರಿಸಿದರು.

ಆ ಹೊತ್ತಿಗೆ ಬಂದ ತರುಣ ಗಿರಾಕಿಯೊಬ್ಬ ಮೊಬೈಲ್ ತೆಗೆದು ತಂಬೂರಿಯ ಆಪ್ ನುಡಿಸಿದ. "ನನ್ನ ತಂಬೂರಿ ಹಿಂಗ ಬರಬೇಕ್ರಿ, ಒಂದು ಚೂರೂ ಹೆಚ್ಚುಕಮ್ಮಿ ಆಗಬಾರದು." ಚಾಚಾ ಕಿವಿಗಿಟ್ಟು ಕೇಳಿದರು. "ಇದು ನಮ್ಮ ತಂಬೂರೀನ ಕೇಳಿ ಕಲ್ತದ್ದು. ಈಗ ನಾವು ಅದರ ಹತ್ರ ಪಾಠಕ್ಕ ಹೋಗಬೇಕೇನ್ರಿ?"

ಈ ಕಥೆಯಲ್ಲೂ ಖಳನಾಯಕನಿಲ್ಲ. ಎಲೆಕ್ಟ್ರಾನಿಕ್ ತಂಬೂರಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1970ರ ದಶಕದ ಕೊನೆಗೆ. ಅದನ್ನು ತಯಾರಿಸಿದ ರಾಡೆಲ್ ಸಂಸ್ಥೆಯ ಜಿ. ರಾಜನಾರಾಯಣ್ ಸ್ವತಃ ಕೊಳಲು ವಾದಕರು. ಆಳೆತ್ತರದ ತಂಬೂರಿಯನ್ನು ಬಸ್ಸಿಗೆ ಹತ್ತಿಸಿದವರಿಗೆ ಆ ಪೆಟ್ಟಿಗೆ ದೇವರು ಕೊಟ್ಟ ವರ. ಬೆಳಗಿನ ರಿಯಾಜಿಗೆ ಹಿಂದೆ ಕೂತು ಮೀಟುವ ತಂಗಿಯನ್ನು ಎಬ್ಬಿಸಬೇಕಿಲ್ಲ. ಈಗ ಪೆಟ್ಟಿಗೆಯೂ ಬೇಡ, ಮೊಬೈಲ್ ಸಾಕು.

ಆದರೆ ಕಾಕಾನ ರೊಟ್ಟಿಯ ಲೆಕ್ಕ ಇಲ್ಲೂ ತಪ್ಪುವುದಿಲ್ಲ. ದೊಡ್ಡ ಗಾಯಕರು ಕಛೇರಿಗೆ ಇವತ್ತಿಗೂ ಮಿರಜದ ಜೋಡಿಯೇ ಬೇಕೆನ್ನುತ್ತಾರೆ. "ದೊಡ್ಡವರು ಎಷ್ಟು ಮಂದಿ ಇರತಾರ ಹೇಳ್ರಿ?" ಎಂದು ಚಾಚಾ ಕೇಳುತ್ತಾರೆ. "ಒಂದ ಜೋಡಿ ಒಯ್ದ್ರ ಮೂವತ್ತು ವರ್ಷ ಮುಖಾ ತೋರಸೂದಿಲ್ಲ. ನಾವು ಚಲೋ ಮಾಡಿದ್ದ ನಮಗ ಮುಳ್ಳಾತು." ಓಣಿಯ ಹೊಟ್ಟೆ ತುಂಬಿಸುತ್ತಿದ್ದುದು ಸಂಗೀತ ಕಲಿಯಲು ಶುರುಮಾಡಿದ ಹುಡುಗ ಹುಡುಗಿಯರ ಸಾದಾ ತಂಬೂರಿ. ಅದನ್ನು ಆಪ್ ತಿಂದಿತು. ಹೋದದ್ದು ಬರೀ ರೊಟ್ಟಿಯಲ್ಲ. ಕೆಲಸ ಕಲಿಯುವ ಹುಡುಗ ಮೊದಲು ಕೈ ಇಡುತ್ತಿದ್ದುದು ಆ ಸಾದಾ ತಂಬೂರಿಯ ಮೇಲೆ. ಅದರ ಕುದುರೆಯನ್ನು ಹೆಚ್ಚು ಸವರಿ ಕೆಡಿಸಿ, ಬೈಸಿಕೊಂಡು, ಮತ್ತೊಂದು ಕೆಡಿಸಿ, ಹತ್ತಾರು ವರ್ಷಕ್ಕೆ ಕೈ ಪಳಗುತ್ತಿತ್ತು. ಸಾವಿರಾರು ರೂಪಾಯಿಯ ಕಛೇರಿ ತಂಬೂರಿಯನ್ನು ಕೆಡಿಸಲು ಯಾರು ಬಿಡುತ್ತಾರೆ? ಕಾಕಾ ಕೂಡ ಗೂಟ ಕೆತ್ತಿ ಕೆತ್ತಿಯೇ ಕೂರಿಗೆಯ ಬಟ್ಟಲಿಗೆ ಬಂದವನು. ಒರಟು ಕೆಲಸವನ್ನು ಯಂತ್ರಕ್ಕೆ ಬಿಟ್ಟು ನಾಜೂಕಿನದನ್ನು ಮಾತ್ರ ಕೈಗೆ ಉಳಿಸೋಣ ಎನ್ನುವವರಿಗೆ ಇದು ಯಾಕೋ ಹೊಳೆಯುವುದಿಲ್ಲ. ಚಾಚಾನ ಮಗ ಕೆಲಸ ಬಲ್ಲ, ಮಾಡುತ್ತಾನೆ. ಮೊಮ್ಮಗ ಡಿಪ್ಲೊಮಾ ಓದುತ್ತಿದ್ದಾನೆ.

2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಬೇರೆ ಊರಿನವರು ಮಿರಜದ ಹೆಸರು ಹಚ್ಚಿ ಮಾರುವಂತಿಲ್ಲ. ಒಳ್ಳೆಯದೇ ಆಯಿತು, ಬೇಕಾಗಿತ್ತು. ಆದರೆ ಮಾನ್ಯತೆ ಹೆಸರು ಕಾಯುತ್ತದೆ, ಆರ್ಡರು ತರುವುದಿಲ್ಲ. ಸುದ್ದಿ ಓದಿ ಹೇಳಿದಾಗ ಬಡಿಗೇರ ಕಾಕಾ, "ನಮ್ಮ ಕೂರಿಗಿಗೂ ಒಂದು ಕೊಡಸೋ" ಎಂದ. ಹೋಟೆಲಿನ ಬಾಗಿಲಲ್ಲಿ ಕಂಡ ಅರಿಷಿಣದ ಕೂರಿಗೆಯ ವಿಷಯ ನಾನು ಅವನಿಗೆ ಹೇಳಿಲ್ಲ.

ಮನೆಯಲ್ಲಿ ಮಗುವಿಗೆ ಸಂಗೀತ ಕಲಿಸುವ ವಿಚಾರವಿದ್ದರೆ ಮೊಬೈಲಿಗೆ ಆಪ್ ಇಳಿಸಿಕೊಳ್ಳಿ, ಬೇಡವೆನ್ನುವುದಿಲ್ಲ. ಜೊತೆಗೆ ನೀವೂ ಒಮ್ಮೆ ಮಿರಜದಲ್ಲಿ ಇಳಿಯಿರಿ. ಬೆಂಗಳೂರಿನಿಂದ ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಮರುದಿನ ಇಲ್ಲಿರುತ್ತೀರಿ. ಅಂಗಡಿಯ ಗೋಡೆಗೆ ನಿಲ್ಲಿಸಿದ ಕಛೇರಿಯ ಜೋಡಿಯ ಫೋಟೋ ತೆಗೆದುಕೊಂಡು ಹೊರಟುಬಿಡಬೇಡಿ. ಒಳಗಿನ ಮೂಲೆಯಲ್ಲಿ ಕಾನಸ ಹಿಡಿದು ಕೂತ ಹುಡುಗನಿದ್ದರೆ, ಅವನು ಮಾಡಿದ ಸಾದಾ ತಂಬೂರಿ ಕೇಳಿ ಕೊಳ್ಳಿ. ಬೆಲೆಯಲ್ಲಿ ಚೌಕಾಸಿ ಮಾಡಬೇಡಿ.